ಆಕಾಶಮಾರ್ಗದ ವಿದ್ಯಾದಾನವೂ ಅದರ ಜೀರ್ಣೋದ್ಧಾರವೂ



ದಾನಗಳಲ್ಲಿ ವಿದ್ಯಾದಾನವು ಮೇಲಾದುದೆಂಬುದು ಈ ಸಭೆಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಪಾಠಶಾಲೆಯನ್ನು ಕಟ್ಟಿಸಿದವರು, ಪ್ರಸಾದನಿಲಯಕ್ಕೆ ಧಾನ್ಯವನ್ನು ಕಳುಹಿಸಿದವರು, ಬಡ ವಿದ್ಯಾರ್ಥಿಯ ಪುಸ್ತಕದ ವೆಚ್ಚವನ್ನು ವಹಿಸಿದವರು ಮಠಗಳ ಭಕ್ತವರ್ಗದಲ್ಲಿ ಎಂದೂ ಇದ್ದೇ ಇರುವರು. ಆದರೆ ದಾನವನ್ನು ಕೊಡುವುದು ಒಂದು. ಕೊಟ್ಟ ದಾನವು ಕೆಡದಂತೆ ನಡೆಯಿಸಿಕೊಂಡು ಹೋಗುವುದು ಮತ್ತೊಂದು. ಮೊದಲನೆಯದಕ್ಕೆ ಕೀರ್ತಿಯುಂಟು, ಎರಡನೆಯದಕ್ಕೆ ಬಹುಮಟ್ಟಿಗೆ ಹೆಸರೂ ಇಲ್ಲ. ಈ ಎರಡನೆಯದರ ಮಹತ್ವವನ್ನು ಹಾಸನದ ಸೀಮೆಯಲ್ಲಿಯೇ ನಡೆಯುತ್ತಿರುವ ಒಂದು ಕಾರ್ಯದ ಮೂಲಕ ವಿವರಿಸುವುದೇ ಈ ಉಪನ್ಯಾಸದ ಉದ್ದೇಶವು.

ಹಾಸನದಿಂದ ಬೇಲೂರಿಗೆ ಹೋಗುವ ಮಾರ್ಗದಿಂದ ತುಸು ಒಳಗೆ, ಕೆರೆಯ ಬಳಿಯಲ್ಲಿ, ದೊಡ್ಡಗದ್ದವಳ್ಳಿಯೆಂಬ ಗ್ರಾಮವಿರುವುದು. ಅಲ್ಲಿಯ ಲಕ್ಷ್ಮೀದೇವಿಯ ದೇವಾಲಯವು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. 1114ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದುದು. ನಾಲ್ಕು ಗರ್ಭಗುಡಿಗಳು ಒಂದೇ ನಡುಮಂಟಪಕ್ಕೆ ತೆರೆದಿರುವ ಆ ಕಟ್ಟಡವು ಒಂಬತ್ತು ಶತಮಾನಗಳ ಮಳೆ ಬಿಸಿಲುಗಳನ್ನು ತಡೆದು ನಿಂತಿರುವುದು. ಕಟ್ಟಿಸಿದವರ ಹೆಸರು ಉಳಿದಿದೆ. ಸೋರಿದ ಮಾಳಿಗೆಗೆ ಗಾರೆ ಹಾಕಿದವರ, ಕಲ್ಲಿನ ಸಂದಿನಲ್ಲಿ ಬೇರೂರಿದ ಅರಳಿಯ ಸಸಿಯನ್ನು ಕಿತ್ತೆಸೆದವರ ಹೆಸರುಗಳು ಉಳಿದಿಲ್ಲ. ಹಾಗೆಂದು ಹಿಂದಿನವರು ಅವರನ್ನು ಮರೆತವರಲ್ಲ. ಕನ್ನಡನಾಡಿನ ದಾನಶಾಸನಗಳಲ್ಲಿ ಖಂಡಸ್ಫುಟಿತಜೀರ್ಣೋದ್ಧಾರವೆಂಬ ಮಾತು ಮತ್ತೆ ಮತ್ತೆ ಬರುವುದು. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವ ವೆಚ್ಚಕ್ಕೆಂದೇ ದಾನಿಗಳು ಗದ್ದೆ ಬೆದ್ದಲುಗಳನ್ನು ಬಿಡುತ್ತಿದ್ದರು. ಕಟ್ಟುವ ದಿನವೇ ಬಿರಿಯುವ ದಿನವನ್ನೂ ನೆನೆಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ದೇವಾಲಯಕ್ಕೆ ಕೆಲವೇ ಹರಿದಾರಿಗಳ ದೂರದಲ್ಲಿ, ಹಾಸನ ಪಟ್ಟಣದ ಸಾಲಗಾಮೆ ರಸ್ತೆಯಲ್ಲಿ, ಆಕಾಶಕ್ಕೆ ಮುಖಮಾಡಿದ ಬೃಹದಾಕಾರದ ಬಿಳಿಯ ಬೋಗುಣಿಗಳು ದಾರಿಹೋಕರ ಕಣ್ಣಿಗೆ ಬೀಳುವುವು. ಅದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ. ಊರವರ ಬಾಯಲ್ಲಿ ಎಂ. ಸಿ. ಎಫ್. ಇದು 1982ರಲ್ಲಿ ಸ್ಥಾಪಿತವಾಯಿತು. ದೇಶದ ಮೂಲೆಮೂಲೆಗಳಿಗೆ ದೂರದರ್ಶನವನ್ನೂ ದೂರವಾಣಿಯನ್ನೂ ಪಾಠಪ್ರವಚನಗಳನ್ನೂ ಮುಟ್ಟಿಸುವ ಉಪಗ್ರಹಗಳನ್ನು ಹಗಲಿರುಳೆನ್ನದೆ ಕಾಯುವುದೇ ಅಲ್ಲಿಯವರ ಕೆಲಸ. ಗುರುವಿನ ಮುಖವನ್ನು ನೇರವಾಗಿ ಕಾಣದ ಶಿಷ್ಯನಿಗೆ ವಿದ್ಯೆಯು ಆಕಾಶಮಾರ್ಗವಾಗಿ ಬರಬೇಕಾದರೆ ಎಷ್ಟು ಕೈಗಳು ಎಚ್ಚರವಾಗಿರಬೇಕೆಂಬುದನ್ನು ತಿಳಿಯಲು ಈ ಕೇಂದ್ರದ ಚರಿತ್ರೆಗಿಂತ ಉತ್ತಮವಾದ ಪಾಠವಿಲ್ಲ.

ಆಕಾಶದಿಂದ ಪಾಠ ಬರುವುದು ಈ ನಾಡಿಗೆ ಅದಕ್ಕೂ ಮೊದಲೇ ಪರಿಚಯವಾಗಿದ್ದಿತು. 1975ನೆಯ ಇಸವಿ ಆಗಸ್ಟ್ ತಿಂಗಳಿಂದ 1976ರ ಜುಲೈವರೆಗೆ ಅಮೆರಿಕದ ಎ. ಟಿ. ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಶಿಕ್ಷಣವನ್ನೂ ಬೇಸಾಯದ ತಿಳಿವಳಿಕೆಯನ್ನೂ ನೀಡಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಬೋಗುಣಿಗಳು ಶಾಲೆಗಳ ಮುಂದೆ ನಿಂತುವು. ಪೆಟ್ಟಿಗೆಗಳು ಕೆಟ್ಟಾಗ ಸರಿಪಡಿಸುವವರನ್ನೂ ಅಂದೇ ಗೊತ್ತುಮಾಡಲಾಗಿದ್ದಿತು. ಎರವಲಿನ ದೀಪವಾದುದರಿಂದ ಒಂದು ವರ್ಷಕ್ಕೆ ಅದು ಹಿಂದಿರುಗಿತು. ಸ್ವಂತದ ದೀಪ ಬೇಕೆಂಬ ಸಂಕಲ್ಪವು ಅಲ್ಲಿಂದ ದೃಢವಾಯಿತು.

1982ರ ಏಪ್ರಿಲ್ 10ರಂದು ಇನ್‌ಸ್ಯಾಟ್-1ಎ ಎಂಬ ಉಪಗ್ರಹವು ಮೇಲೇರಿತು. ಅದರ ಭಾಗಗಳು ಸರಿಯಾಗಿ ಬಿಚ್ಚಿಕೊಳ್ಳದೆ ತೊಂದರೆಯ ಮೇಲೆ ತೊಂದರೆ ಒದಗಿತು. ದಿಕ್ಕನ್ನು ಕಾದುಕೊಳ್ಳುವ ಇಂಧನವು ತೀರಿಹೋಗಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಡಬೇಕಾಯಿತು. ಹೊಸದಾಗಿ ತೆರೆದ ಕೇಂದ್ರದ ಮೊದಲನೆಯ ಕೂಸು ಐದು ತಿಂಗಳೂ ಬಾಳಲಿಲ್ಲ. ಆದರೂ ಕೇಂದ್ರದವರು ಎದೆಗುಂದಲಿಲ್ಲ. 1983ರ ಆಗಸ್ಟ್ 30ರಂದು ಹೊರಟ ಇನ್‌ಸ್ಯಾಟ್-1ಬಿ ಕೂಡ ಆರಂಭದಲ್ಲಿ ತನ್ನ ಸೌರಫಲಕವನ್ನು ಬಿಚ್ಚಲು ಹಟಮಾಡಿತು; ಬಹು ದಿನಗಳ ಪ್ರಯತ್ನದಿಂದ ಅದು ದಾರಿಗೆ ಬಂದು, ವರ್ಷಗಟ್ಟಲೆ ದೇಶದ ಸೇವೆಮಾಡಿತು. ಅದರ ಬಲದಿಂದಲೇ 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ದೇಶವ್ಯಾಪಿ ತರಗತಿಯನ್ನು ಆರಂಭಿಸಲು ಸಾಧ್ಯವಾಯಿತು. ಸಣ್ಣ ಊರಿನ ಕಾಲೇಜಿನ ಹುಡುಗನು ದೊಡ್ಡ ವಿದ್ವಾಂಸನ ಉಪನ್ಯಾಸವನ್ನು ಮನೆಯಲ್ಲಿ ಕುಳಿತು ಕೇಳುವಂತಾದುದು ಅಂದಿನಿಂದ.

ಒಮ್ಮೆ ಮೇಲೆ ಕಳುಹಿಸಿದ ಉಪಗ್ರಹವನ್ನು ಕಾಯುವುದೇನು, ಅದು ತಾನಾಗಿಯೇ ಸುತ್ತುವುದಿಲ್ಲವೇ ಎಂದು ಕೆಲವರು ಶಂಕಿಸಬಹುದು. ಈ ಶಂಕೆಗೆ ಉತ್ತರವನ್ನು ತಿಳಿದಲ್ಲದೆ ಮುಂದಿನ ವಿಷಯವು ಮನಸ್ಸಿಗೆ ನಾಟದು. ಪಾಠವನ್ನು ಹೊರುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯು ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುವುವು. ಆದಕಾರಣ ನೆಲದಲ್ಲಿ ನಿಂತವನಿಗೆ ಅವು ಒಂದೇ ಎಡೆಯಲ್ಲಿ ನಿಂತಂತೆ ತೋರುವುವು. ಕಣದ ಮೇಟಿಯೊಡನೆ ಮೇಟಿಗೆ ಕಟ್ಟಿದ ಎತ್ತೂ ಸಮವಾಗಿ ತಿರುಗಿದರೆ, ಮೇಟಿಯ ಮೇಲೆ ಕುಳಿತವನಿಗೆ ಎತ್ತು ಕದಲದಂತೆ ಕಾಣುವುದಿಲ್ಲವೇ? ಇದೂ ಹಾಗೆಯೇ. ಆದರೆ ಈ ಎತ್ತನ್ನು ಸೂರ್ಯನೂ ಚಂದ್ರನೂ ಎಡೆಬಿಡದೆ ಪಕ್ಕಕ್ಕೆ ಎಳೆಯುವರು. ಸುಮ್ಮನೆ ಬಿಟ್ಟರೆ ಅದರ ಕಕ್ಷೆಯು ವರ್ಷಕ್ಕೆ ಮುಕ್ಕಾಲು ಡಿಗ್ರಿಯಿಂದ ಒಂದು ಡಿಗ್ರಿಯಷ್ಟು ಓರೆಯಾಗುವುದು. ಆಗ ಹಳ್ಳಿಯ ಶಾಲೆಯ ಮೇಲಿನ ಬೋಗುಣಿಗೆ ಅದು ಸಿಕ್ಕದೆ ಹೋಗುವುದು. ಆದುದರಿಂದ ನೆಲದಿಂದ ಆಜ್ಞೆಯನ್ನು ಕಳುಹಿಸಿ, ಉಪಗ್ರಹದಲ್ಲಿರುವ ಚಿಕ್ಕ ಎಂಜಿನುಗಳನ್ನು ಅಳತೆಯಾಗಿ ಉರಿಸಿ, ಅದನ್ನು ಆಗಾಗ ತನ್ನ ಎಡೆಗೆ ತರಬೇಕು. ಹೊತ್ತೊಯ್ದ ಇಂಧನವಿಷ್ಟೇ, ಅಲ್ಲಿಗೆ ಹೋಗಿ ತುಂಬಿ ಬರುವವರಿಲ್ಲ. ಒಂದು ತಪ್ಪು ಆಜ್ಞೆಗೆ ತಿಂಗಳುಗಳ ಆಯುಷ್ಯವು ವ್ಯಯವಾದೀತು.

ಇಷ್ಟೇ ಅಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಸಮರಾತ್ರಿಯ ಆಸುಪಾಸಿನಲ್ಲಿ ಸುಮಾರು 45 ದಿನಗಳ ಕಾಲ ಉಪಗ್ರಹವು ಪ್ರತಿರಾತ್ರಿಯೂ ಭೂಮಿಯ ನೆರಳಿನಲ್ಲಿ ಹಾಯುವುದು. ಆ ಕತ್ತಲೆಯು ಅತಿ ಹೆಚ್ಚೆಂದರೆ 70 ನಿಮಿಷಗಳಷ್ಟಿರುವುದು. ಆ ಹೊತ್ತಿನಲ್ಲಿ ಬಿಸಿಲಿನ ವಿದ್ಯುತ್ತಿಲ್ಲ, ಬ್ಯಾಟರಿಯೇ ಗತಿ. ಅದು ಮೊದಲೇ ತುಂಬಿರುವಂತೆ ನೋಡಿಕೊಳ್ಳಬೇಕು. ಅದೇ ಋತುಗಳಲ್ಲಿ ಕೆಲವು ದಿನ, ಹಗಲು ಕೆಲವು ನಿಮಿಷಗಳ ಕಾಲ, ಸೂರ್ಯನು ಉಪಗ್ರಹದ ಸರಿಹಿಂದೆ ಬಂದು ನಿಲ್ಲುವನು. ಸೂರ್ಯನ ಸದ್ದಿನಲ್ಲಿ ಪಾಠದ ಧ್ವನಿ ಮುಳುಗುವುದು. ಅದು ಯಾವ ದಿನ, ಯಾವ ನಿಮಿಷವೆಂಬುದನ್ನು ಗ್ರಹಣದಂತೆ ಮೊದಲೇ ಗಣಿಸಬಹುದು. ಗಣಿಸಿ ತಿಳಿಸಿದರೆ ಶಾಲೆಯವರು ಪಾಠವನ್ನು ಅತ್ತಿತ್ತ ಮಾಡಿಕೊಳ್ಳುವರು. ತಿಳಿಸದಿದ್ದರೆ ಯಂತ್ರವು ಕೆಟ್ಟಿತೆಂದು ಮುಚ್ಚಿಡುವರು. ಪಾಲನೆಯೆಂದರೆ ಯಂತ್ರವನ್ನು ನೋಡಿಕೊಳ್ಳುವುದು ಮಾತ್ರವಲ್ಲ, ಮುಂದೆ ಆಗುವುದನ್ನು ಉಪಯೋಗಿಸುವವನಿಗೆ ಮೊದಲೇ ತಿಳಿಸುವುದೂ ಹೌದು.

ಹೀಗಿರಲಾಗಿ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಎಜುಸ್ಯಾಟ್ ಎಂಬ ಉಪಗ್ರಹವು ಹೊರಟಿತು. ಭಾರತದಲ್ಲಿ ಶಿಕ್ಷಣಕ್ಕಾಗಿಯೇ ಮೀಸಲಾಗಿ ನಿರ್ಮಿಸಿದ ಮೊದಲನೆಯ ಉಪಗ್ರಹವಿದು. ತೂಕ 1950 ಕಿಲೋಗ್ರಾಂ. ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ, ಅದಾಗಲೇ ಇದ್ದ ಕಲ್ಪನಾ-1 ಮತ್ತು ಇನ್‌ಸ್ಯಾಟ್-3ಸಿ ಉಪಗ್ರಹಗಳ ನೆರೆಯಲ್ಲಿಯೇ ಇದನ್ನು ನಿಲ್ಲಿಸಲಾಯಿತು. ಒಂದೇ ಎಡೆಯಲ್ಲಿ ಮೂರನ್ನು, ಒಂದಕ್ಕೊಂದು ತಾಗದಂತೆ, ಹಾಸನದವರು ನಡೆಯಿಸಿದರು. ದೇಶವನ್ನೆಲ್ಲ ವ್ಯಾಪಿಸುವ ಕಿರಣದೊಡನೆ ಬೇರೆ ಬೇರೆ ಪ್ರದೇಶಗಳಿಗೆಂದೇ ಐದು ಕಿರಣಗಳೂ ಅದರಲ್ಲಿದ್ದುದರಿಂದ, ಆಯಾ ಸೀಮೆಯ ಮಕ್ಕಳಿಗೆ ಆಯಾ ಭಾಷೆಯಲ್ಲಿ ಪಾಠ ಹೇಳಲು ಅನುಕೂಲವಾಯಿತು. ಈ ಕಾರ್ಯದ ಪೂರ್ವಪರೀಕ್ಷೆಯು ಇನ್‌ಸ್ಯಾಟ್-3ಬಿ ಉಪಗ್ರಹದ ಮೂಲಕ ನಡೆದಾಗ, ಅದರಲ್ಲಿ ಪಾಲುಗೊಂಡ ಮೂರು ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದಾಗಿದ್ದುದು ಕನ್ನಡಿಗರಿಗೆ ಸಂತೋಷದ ಸಂಗತಿ. ಮುಂದೆ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಮೇಲ್ಪಟ್ಟ ಪ್ರಾಥಮಿಕ ಶಾಲೆಗಳಿಗೆ ಬೋಗುಣಿಗಳನ್ನು ಕೊಟ್ಟು, ಕನ್ನಡದಲ್ಲಿ ಪಾಠಗಳನ್ನು ಕಳುಹಿಸಲಾಯಿತು. ಕಾಡಂಚಿನ ಹಳ್ಳಿಯ ಮಗುವಿಗೆ ಬೆಂಗಳೂರಿನ ಮಗುವಿಗೆ ದೊರೆಯುವ ಬೋಧನೆಯೇ ದೊರೆಯಲೆಂಬುದು ಅದರ ಆಶಯ.

ಕೆಲವು ಎಡೆಗಳಲ್ಲಿ ಶಿಷ್ಯನು ಪ್ರಶ್ನೆ ಕೇಳುವ ಏರ್ಪಾಡೂ ಇದ್ದಿತು. ಪ್ರಶ್ನೆಯು ಮೇಲಕ್ಕೆ ಏರಿ ಗುರುವಿನ ಬಳಿಗೆ ಇಳಿಯಲು ಕಾಲು ಸೆಕೆಂಡು, ಉತ್ತರವು ಬರಲು ಮತ್ತೆ ಕಾಲು ಸೆಕೆಂಡು. ಈ ಅರ್ಧ ಸೆಕೆಂಡಿನ ಮೌನವನ್ನು ಸಹಿಸಿ ಕಾಯುವುದನ್ನು ಗುರುವೂ ಕಲಿಯಬೇಕಾಯಿತು.

ಎಜುಸ್ಯಾಟಿನ ನಿಯಮಿತ ಆಯುಷ್ಯವು ಏಳು ವರ್ಷ. ಆರು ವರ್ಷ ತುಂಬುವ ವೇಳೆಗೆ, 2010ರ ಸೆಪ್ಟೆಂಬರಿನಲ್ಲಿ, ಅದು ಸೇವೆಯಿಂದ ನಿವೃತ್ತವಾಯಿತು. ಮುದಿಯಾದ ಉಪಗ್ರಹವನ್ನು ಉಳಿದ ಇಂಧನದಿಂದ ಇನ್ನೂ ಮೇಲಿನ ಕಕ್ಷೆಗೆ ಏರಿಸಿ, ಇತರ ಉಪಗ್ರಹಗಳಿಗೆ ಅಡ್ಡಬಾರದಂತೆ ಬಿಟ್ಟುಬಿಡುವುದು ಪದ್ಧತಿ. ಮೇಲಿನ ಕೆಲಸವು ಅಲ್ಲಿಗೆ ಮುಗಿಯಿತು; ಕೆಳಗಿನ ಕೆಲಸವು ಅಲ್ಲಿಂದ ಆರಂಭವಾಯಿತು. ಪಾಠಗಳನ್ನು ಬೇರೆ ಉಪಗ್ರಹಗಳಿಗೆ ವರ್ಗಾಯಿಸಬೇಕಾದರೆ ನೆಲದ ಮೇಲಿನ ಬೋಗುಣಿಗಳನ್ನು ಒಂದೊಂದಾಗಿ ಹೊಸ ದಿಕ್ಕಿಗೆ ತಿರುಗಿಸಬೇಕು. ಒಂದು ಡಿಗ್ರಿ ತಪ್ಪಿದರೂ ಮೇಲೆ 600 ಕಿಲೋಮೀಟರಿಗೂ ಮೀರಿದ ಅಂತರವಾಗುವುದು, ಉಪಗ್ರಹವು ಸಿಕ್ಕುವುದಿಲ್ಲ. ಇದನ್ನು ಅರಿತ ಒಬ್ಬ ಕೆಲಸಗಾರನು ಪ್ರತಿಯೊಂದು ಶಾಲೆಗೂ ಹೋಗಬೇಕು, ಅವನ ಬಸ್ಸಿನ ವೆಚ್ಚವನ್ನು ಯಾರಾದರೂ ಕೊಡಬೇಕು, ಬೀಗದ ಕೈ ಯಾರಲ್ಲಿದೆಯೆಂದು ತಿಳಿದಿರಬೇಕು.

ಈ ಭಾಗದಲ್ಲಿಯೇ ಲೋಪವು ಕಾಣಿಸಿತು. 2013ರಲ್ಲಿ ಸಂಸತ್ತಿನ ಮುಂದೆ ಬಂದ ಭಾರತದ ಲೆಕ್ಕನಿಯಂತ್ರಕರು ಹಾಗೂ ಮಹಾಲೇಖಪಾಲರ ವರದಿಯು ಈ ಕಾರ್ಯಕ್ರಮವು ಉದ್ದೇಶಿತ ಫಲವನ್ನು ಕೊಡಲಿಲ್ಲವೆಂದು ಹೇಳಿ, ಅದಕ್ಕೆ ಮೂರು ಕಾರಣಗಳನ್ನು ತೋರಿಸಿತು: ಜಾಲದ ಸಂಪರ್ಕಕ್ಕೆ ಮುಂದಾಲೋಚನೆ ಸಾಲದು, ಪಾಠಗಳ ನಿರ್ಮಾಣಕ್ಕೆ ಏರ್ಪಾಡು ಸಾಲದು, ಕರೆದಾಗ ಓಗೊಡುವ ಆಡಳಿತವ್ಯವಸ್ಥೆ ಸಾಲದು. ಈ ಮೂರರಲ್ಲಿ ಒಂದೂ ಆಕಾಶಕ್ಕೆ ಸಂಬಂಧಿಸಿದುದಲ್ಲವೆಂಬುದನ್ನು ಪ್ರಾಜ್ಞರು ಗಮನಿಸಬೇಕು. 36,000 ಕಿಲೋಮೀಟರ್ ದೂರದ ಯಂತ್ರಕ್ಕೆ ಕಾವಲಿದ್ದಿತು. ಶಾಲೆಯ ಮಾಳಿಗೆಯ ಮೇಲಿನ ಯಂತ್ರಕ್ಕೆ ಇರಲಿಲ್ಲ.

ದೊಡ್ಡಗದ್ದವಳ್ಳಿಯ ದೇವಾಲಯದಲ್ಲಿ ನಾಲ್ಕು ಗರ್ಭಗುಡಿಗಳಿರುವಂತೆ ದೂರಶಿಕ್ಷಣಕ್ಕೂ ನಾಲ್ಕು ಅಂಗಗಳುಂಟು. ಪಾಠವನ್ನು ಸಿದ್ಧಪಡಿಸುವ ಸ್ಟುಡಿಯೊ ಒಂದು. ಅದನ್ನು ಮೇಲಕ್ಕೆ ಕಳುಹಿಸುವ ನೆಲೆ ಎರಡು. ಉಪಗ್ರಹವೂ ಅದರ ಕಾವಲೂ ಮೂರು. ಪಾಠವನ್ನು ಬರಮಾಡಿಕೊಳ್ಳುವ ಕೊಠಡಿ ನಾಲ್ಕು. ಮೊದಲ ಮೂರು ದೊಡ್ಡ ಸಂಸ್ಥೆಗಳ ಕೈಯಲ್ಲಿರುವುವು. ನಾಲ್ಕನೆಯದು ಊರಿನ ಕೈಯಲ್ಲಿರುವುದು. ಗಾಳಿಗೆ ಬೋಗುಣಿ ವಾಲುವುದು, ಕೋತಿಗಳು ತಂತಿಯನ್ನು ಎಳೆಯುವುವು, ಜೋರುಮಳೆಯಲ್ಲಿ ತರಂಗಗಳು ಕ್ಷೀಣಿಸುವುವು, ಸಿಡಿಲಿಗೆ ಪೆಟ್ಟಿಗೆ ಸುಡುವುದು, ಬ್ಯಾಟರಿಯ ನೀರು ಆರುವುದು. ಇವುಗಳಲ್ಲಿ ಒಂದೊಂದೂ ಅಲ್ಪವಾದುದು. ಆದರೆ ಮೊದಲ ಮೂರು ಅಂಗಗಳ ಪರಿಶ್ರಮವನ್ನೆಲ್ಲ ವ್ಯರ್ಥಗೊಳಿಸಲು ಒಂದೇ ಸಾಕು.

ಹಿಂದಿನ ಅನುಭವದಿಂದ ಕಲಿತುದೂ ಉಂಟು. ಎಲ್ಲವೂ ಒಂದೇ ಕಂಬದ ಮೇಲೆ ನಿಲ್ಲಬಾರದೆಂದು ಹಾಸನಕ್ಕೆ ಜೊತೆಯಾಗಿ 2005ರಲ್ಲಿ ಭೋಪಾಲಿನಲ್ಲಿಯೂ ಒಂದು ನಿಯಂತ್ರಣ ಕೇಂದ್ರವು ಏರ್ಪಟ್ಟಿತು. ಎಜುಸ್ಯಾಟ್ ನಿವೃತ್ತವಾದ ಮೇಲೆ, 2011ರ ಜುಲೈ 15ರಂದು, ದೂರಶಿಕ್ಷಣವೂ ದೂರವೈದ್ಯವೂ ಸೇರಿದಂತೆ ಹಲವು ಸೇವೆಗಳಿಗೆ ಜಿಸ್ಯಾಟ್-12 ಮೇಲೇರಿತು. ಅದನ್ನು ತನ್ನ ಎಡೆಗೆ ಏರಿಸಿದವರೂ ಹಾಸನದವರೇ. ಆ ಜಿಸ್ಯಾಟ್-12 ನಿವೃತ್ತವಾದುದು 2023ರಲ್ಲಿ. ಆದರೆ ಅದರ ಉತ್ತರಾಧಿಕಾರಿಯಾದ ಸಿ. ಎಂ. ಎಸ್.-01 ಎಂಬುದು 2020ರ ಡಿಸೆಂಬರ್ 17ರಂದೇ ಹೊರಟಿದ್ದಿತು. ಮೊದಲ ಸಲ ಹಳೆಯದು ಹೋದ ಮೇಲೆ ಹೊಸದು ಬಂದಿತು. ಎರಡನೆಯ ಸಲ ಹಳೆಯದು ಇರುವಾಗಲೇ ಹೊಸದು ಬಂದಿತು. ಉತ್ತರಾಧಿಕಾರಿಯನ್ನು ಸಕಾಲದಲ್ಲಿ ಗೊತ್ತುಮಾಡುವುದರ ಬೆಲೆಯನ್ನು ಮಠದ ಶಿಷ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

2017ರ ಜುಲೈ 9ರಂದು ಸ್ವಯಂ ಎಂಬ ಅಂತರ್ಜಾಲದ ಶಿಕ್ಷಣವೂ ಸ್ವಯಂಪ್ರಭಾ ಎಂಬ ದೂರದರ್ಶನದ ಶಿಕ್ಷಣವೂ ಲೋಕಾರ್ಪಣೆಯಾದುವು. ಸ್ವಯಂಪ್ರಭೆಯು 32 ವಾಹಿನಿಗಳೊಡನೆ, ಜಿಸ್ಯಾಟ್-15 ಉಪಗ್ರಹದ ಮೂಲಕ, ಗುಜರಾತಿನ ಗಾಂಧೀನಗರದಿಂದ ಆರಂಭವಾಯಿತು. ದಿನಕ್ಕೆ ನಾಲ್ಕು ಗಂಟೆಗಳ ಹೊಸ ಪಾಠ, ಅದೇ ಪಾಠವು ಅದೇ ದಿನ ಮತ್ತೆ ಐದು ಬಾರಿ: ಹೀಗೆ ಇಪ್ಪತ್ತುನಾಲ್ಕು ಗಂಟೆ ತುಂಬುವುದು. ಬೆಳಿಗ್ಗೆ ಹೊಲಕ್ಕೆ ಹೋದ ಹುಡುಗನಿಗೆ ರಾತ್ರಿ, ಸಂಜೆ ವಿದ್ಯುತ್ತಿಲ್ಲದ ಹಳ್ಳಿಗೆ ಬೆಳಗಿನ ಜಾವ ಪಾಠವು ಸಿಕ್ಕಲೆಂದು ಮಾಡಿದ ಏರ್ಪಾಡಿದು. ಲೋಪವು ಆಗಿಯೇ ಆಗುವುದೆಂದು ಮೊದಲೇ ಒಪ್ಪಿಕೊಂಡು, ಅದಕ್ಕೆ ಎಡೆಮಾಡಿಕೊಟ್ಟುದು ಇದರ ಹಿರಿಮೆ.

2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಈ ಮಾತಿನ ಸತ್ಯವು ಮನೆಮನೆಗೂ ತಿಳಿಯಿತು. ಮಲೆನಾಡಿನ ಊರುಗಳಲ್ಲಿ ಮಕ್ಕಳು ಮೊಬೈಲಿನ ಸಂಕೇತವನ್ನು ಹುಡುಕಿ ಗುಡ್ಡವನ್ನೇರಿ, ಮಳೆಯಲ್ಲಿ ಛತ್ರಿ ಹಿಡಿದು ಪಾಠ ಕೇಳಿದುದನ್ನು ಪತ್ರಿಕೆಗಳು ವರದಿಮಾಡಿದುವು. ಆ ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಪಾಠಮಾಲೆಯು ಕನ್ನಡದಲ್ಲಿ ಆರಂಭವಾದಾಗ, ದೂರದರ್ಶನದ ಪೆಟ್ಟಿಗೆಯೂ ಬೋಗುಣಿಯೂ ಸುಸ್ಥಿತಿಯಲ್ಲಿದ್ದ ಮನೆಯ ಮಗುವಿಗೆ ಗುಡ್ಡವನ್ನೇರುವ ಕಷ್ಟ ತಪ್ಪಿತು. ಯಾವ ಮನೆಯಲ್ಲಿ ಅವು ಕೆಟ್ಟು ಮೂಲೆಗೆ ಬಿದ್ದಿದ್ದುವೋ ಆ ಮನೆಯ ಮಗುವಿಗೆ ಆ ವರ್ಷವೇ ಹೋಯಿತು. ಕಳೆದ ಹಣವನ್ನು ಗಳಿಸಬಹುದು. ಎಂಟನೆಯ ತರಗತಿಯ ಮಗುವಿನ ಕಳೆದ ವರ್ಷವನ್ನು ಮರಳಿ ಕೊಡುವವರು ಯಾರು?

ಆದುದರಿಂದ ಭಕ್ತಮಹಾಶಯರಲ್ಲಿ ಒಂದು ವಿಜ್ಞಾಪನೆಯುಂಟು. ಉತ್ಸವದ ಸಮಯದಲ್ಲಿ ಶಾಲೆಗೊಂದು ಗಣಕಯಂತ್ರ, ಪ್ರಸಾದನಿಲಯಕ್ಕೊಂದು ದೂರದರ್ಶನದ ಪೆಟ್ಟಿಗೆ ಎಂದು ದಾನಮಾಡುವ ಉದಾರಿಗಳು ಮುಂದೆ ಬರುವುದು ಸಹಜವೂ ಸ್ತುತ್ಯವೂ ಆಗಿದೆ. ಅಂಥ ದಾನವನ್ನು ಮಾಡುವಾಗ ಹಿಂದಿನವರ ಶಾಸನಪದ್ಧತಿಯನ್ನು ನೆನೆಯಬೇಕು. ಯಂತ್ರದ ಬೆಲೆಯೊಡನೆ ಅದರ ಖಂಡಸ್ಫುಟಿತಜೀರ್ಣೋದ್ಧಾರಕ್ಕೂ ಒಂದು ಪಾಲನ್ನು ಬ್ಯಾಂಕಿನಲ್ಲಿ ಇಡತಕ್ಕದ್ದು. ಬೀಗದ ಕೈಯನ್ನೂ ಹೊಣೆಯನ್ನೂ ಒಬ್ಬರಿಗೆ ಒಪ್ಪಿಸಿ, ಅವರಿಲ್ಲದ ದಿನಕ್ಕೆ ಇನ್ನೊಬ್ಬರನ್ನು ತರಬೇತುಗೊಳಿಸತಕ್ಕದ್ದು. ಯಂತ್ರವು ಯಾವ ದಿನ ಕೆಟ್ಟಿತು, ಯಾರಿಗೆ ತಿಳಿಸಲಾಯಿತು, ಯಾವ ದಿನ ಸರಿಯಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಕೆಟ್ಟ ದಿನಕ್ಕೂ ಸರಿಯಾದ ದಿನಕ್ಕೂ ಇರುವ ಅಂತರವೇ ಸಂಸ್ಥೆಯ ಯೋಗ್ಯತೆಯ ಅಳತೆಗೋಲು. ಯಂತ್ರವು ಎಷ್ಟು ವರ್ಷ ಬಾಳೀತೆಂಬುದನ್ನು ಕೊಂಡ ದಿನವೇ ಕೇಳಿ, ಅದರ ಮುಂದಿನದಕ್ಕೆ ಅಂದಿನಿಂದಲೇ ಕೂಡಿಡತಕ್ಕದ್ದು. ಪಾಠವು ತಪ್ಪಿದ ಮಕ್ಕಳಿಗೆ ಅದನ್ನು ಮತ್ತೊಮ್ಮೆ ತೋರಿಸುವ ವೇಳೆಯನ್ನು ನಿಗದಿಮಾಡತಕ್ಕದ್ದು. ಇವುಗಳಿಗೆ ದೊಡ್ಡ ವಿಜ್ಞಾನವು ಬೇಡ; ಎಚ್ಚರವಿದ್ದರೆ ಸಾಕು.

ಹಾಸನದ ಕೇಂದ್ರದಲ್ಲಿ ರಾತ್ರಿಯ ಪಾಳಿಗೆ ಕುಳಿತವನು, ತಾನು ಕಾಯುತ್ತಿರುವ ಉಪಗ್ರಹದಿಂದ ಯಾವ ಊರಿನ ಯಾವ ಮಗು ಪಾಠ ಕಲಿಯುವುದೆಂಬುದನ್ನು ಅರಿಯನು. ಆ ಮಗುವೂ ಅವನ ಹೆಸರನ್ನು ಅರಿಯದು. ಪರಸ್ಪರ ಅರಿಯದ ಈ ಇಬ್ಬರ ನಡುವೆ ವಿದ್ಯೆಯು ತಡೆಯಿಲ್ಲದೆ ಹರಿಯುವುದೇ ಅವನ ಕಾಯಕದ ಸಾರ್ಥಕ್ಯ. ಆಕಾಶದಲ್ಲಿ ಅಂಥ ಕಾವಲಿರುವಾಗ ಊರಿನ ಕೊಠಡಿಯಲ್ಲಿಯೂ ಒಬ್ಬ ಕಾವಲುಗಾರನಿರಲಿ. ಕಟ್ಟಿಸಿದವರ ಹೆಸರಿನ ಕಲ್ಲಿನ ಪಕ್ಕದಲ್ಲಿ ಕಾದವರ ಹೆಸರಿಗೂ ಒಂದು ಸಾಲು ದೊರೆಯಲಿ. ದಾನಿಗಳಿಗೂ ಪಾಲಕರಿಗೂ, ಕಲಿಸುವವರಿಗೂ ಕಲಿಯುವವರಿಗೂ ಶ್ರೇಯಸ್ಸಾಗಲಿ.